ಎರಡು ಪದ್ಯಕ್ಕೆ ಹರಡಿದ ಕಾಟು (ಹೊಡೆದುಹಾಕಿದ ಭಾಗ): ಟ್ಯಾಗ್ ಹಾಕೋದು ಹೇಗೆ?

ಹಸ್ತಪ್ರತಿಯಲ್ಲಿ ಕವಿ ಒಂದು ಪದ್ಯದ ನಡುವಿನಿಂದ ಮುಂದಿನ ಪದ್ಯದ ನಡುವಿನವರೆಗೆ ಹೊಡೆದುಹಾಕಿದ್ದಾರೆ, ಅದಕ್ಕೆ ಡೆಲ್ ಟ್ಯಾಗ್ (ಅಳಿಸಿದ ಭಾಗದ ಗುರುತು) ಹಾಕಿದರೆ ಫೈಲ್ ದೋಷ ತೋರಿಸುತ್ತದೆ ಅಂದಿರಿ. ತೋರಿಸಲೇಬೇಕು. ಪಠ್ಯದ ಭಾಗಗಳನ್ನು ಟ್ಯಾಗ್‌ಗಳಿಂದ ಗುರುತಿಸುವ ಎಕ್ಸ್‌ಎಮ್‌ಎಲ್‌ನಲ್ಲಿ ಒಂದು ಟ್ಯಾಗ್ ಇನ್ನೊಂದರ ಅರ್ಧ ಒಳಗೆ, ಅರ್ಧ ಹೊರಗೆ ಇದ್ದರೆ ನಡೆಯುವುದಿಲ್ಲ.

ಇಂಥ ಪಠ್ಯಗಳಿಗೆ ಟ್ಯಾಗ್ ಹಾಕುವ ಮಾನದಂಡವಾದ ಟಿಇಐನಲ್ಲಿ ಇದಕ್ಕೆಂದೇ ಡೆಲ್‌ಸ್ಪ್ಯಾನ್ ಇದೆ. ಕಾಟು ಶುರುವಾಗುವ ಕಡೆ ಈ ಖಾಲಿ ಟ್ಯಾಗ್ ಇಡಿ. ಮುಗಿಯುವ ಕಡೆ ಐಡಿ ಕೊಟ್ಟು ಒಂದು ಆ್ಯಂಕರ್ (ಜಾಗ ಗುರುತಿಸುವ ಖಾಲಿ ಟ್ಯಾಗ್) ಇಡಿ. ಡೆಲ್‌ಸ್ಪ್ಯಾನ್‌ನ ಸ್ಪ್ಯಾನ್‌ಟು ಆಟ್ರಿಬ್ಯೂಟ್‌ನಲ್ಲಿ ಹ್ಯಾಶ್ ಚಿಹ್ನೆಯ ಜೊತೆ ಆ ಐಡಿ ಬರೆಯಿರಿ. ಪುಟ ಬದಲಾದಲ್ಲಿ ಪಿಬಿ ಎಂಬ ಖಾಲಿ ಟ್ಯಾಗ್ ಹಾಕ್ತೀರಲ್ವಾ, ಹಾಗೇ ಇದೂ ಪದ್ಯದ ಗಡಿ ಕೆಡಿಸುವುದಿಲ್ಲ.

ಆದರೆ ತೆರೆಯ ಮೇಲೆ ಗೆರೆ ಎಳೆದು ತೋರಿಸುವ ಎಕ್ಸ್‌ಎಸ್‌ಎಲ್‌ಟಿ (ಎಕ್ಸ್‌ಎಮ್‌ಎಲ್ ಅನ್ನು ಬೇರೆ ರೂಪಕ್ಕೆ ಬದಲಿಸುವ ಕೋಡ್) ಬರೆಯೋದು ಜಾಸ್ತಿ ತಲೆನೋವು. ಅದು ಬೇಡವೆಂದರೆ ಎರಡೂ ಪದ್ಯಕ್ಕೆ ಬೇರೆ ಬೇರೆ ಡೆಲ್ ಹಾಕಿ, ನೆಕ್ಸ್ಟ್ ಮತ್ತು ಪ್ರೀವ್ ಆಟ್ರಿಬ್ಯೂಟ್‌ಗಳಿಂದ ಜೋಡಿಸಿ. ಜೋಡಿಸದೆ ಸುಮ್ನೆ ಬಿಟ್ಟರೆ ಒಂದೇ ಕಾಟು ಎರಡಾಗಿ ಎಣಿಕೆಯಾಗುತ್ತದೆ.