ಓದುಗರ ಪ್ರಶ್ನೆ: ತೊಳೆದ ಮೇಲೆ ಕುಗ್ಗುವ ಸೊಂಟದ ಅಳತೆ

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಘಟಕವಿದೆ. ಹೊಲಿಗೆ ಮುಗಿದೊಡನೆ ಪ್ರತಿ ಪ್ಯಾಂಟನ್ನೂ ಅಳೆದು ನೋಡುತ್ತೇವೆ. ಆದರೂ 2,000 ಪ್ಯಾಂಟುಗಳ ಆರ್ಡರಿನಲ್ಲಿ 300 ವಾಪಸ್ ಬಂದವು. ವಾಷಿಂಗ್ ಆದ ಮೇಲೆ ಸೊಂಟ ಬಿಗಿಯಾಗಿತ್ತು. ತಪಾಸಣೆಗೆ ಇನ್ನಷ್ಟು ಜನರನ್ನು ನೇಮಿಸಬೇಕೇ?

ಉತ್ತರ: ಬೇಡ. ಸಿದ್ಧವಾದ ಮಾಲಿನಲ್ಲಿ ದೋಷ ಹುಡುಕುವುದು ಗುಣಮಟ್ಟದ ನಿಯಂತ್ರಣ. ದೋಷವೇ ಹುಟ್ಟದಂತೆ ಕೆಲಸದ ಕ್ರಮವನ್ನು ಕಟ್ಟುವುದು ಗುಣಮಟ್ಟದ ಖಾತರಿ. ನಿಮ್ಮಲ್ಲಿ ಮೊದಲನೆಯದಿದೆ, ಎರಡನೆಯದಿಲ್ಲ. ತೊಳೆಯುವ ಮುಂಚೆ ಅಳೆದರೆ ಕುಗ್ಗುವಿಕೆ ಕಾಣುವುದಾದರೂ ಹೇಗೆ?

ಡೆನಿಮ್ ಬಂದ ದಿನವೇ ಪ್ರತಿ ರೋಲಿನಿಂದ ಒಂದು ತುಂಡು ತೆಗೆದು, ಅದರ ಮೇಲೆ ಹಾಸು (ಉದ್ದದ ನೂಲು) ಮತ್ತು ಹೊಕ್ಕು (ಅಡ್ಡದ ನೂಲು) ಎರಡೂ ದಿಕ್ಕಿನಲ್ಲಿ 50 ಸೆಂ.ಮೀ. ಗುರುತು ಹಾಕಿ, ಆರ್ಡರಿಗೆ ಬಳಸುವ ವಾಷಿಂಗ್ ವಿಧಾನದಲ್ಲೇ ತೊಳೆದು, ಪೂರ್ತಿ ಒಣಗಿಸಿ ಮತ್ತೆ ಅಳೆಯಿರಿ. ಗುರುತು 48 ಸೆಂ.ಮೀ.ಗೆ ಇಳಿದರೆ ಕುಗ್ಗುವಿಕೆ ಶೇ. 4, ಆ ದಿಕ್ಕಿನಲ್ಲಿ 80 ಸೆಂ.ಮೀ. ಉಳಿಯಬೇಕಾದರೆ ಪ್ಯಾಟರ್ನಿನಲ್ಲಿ, ಅಂದರೆ ಕತ್ತರಿಸುವ ಮಾದರಿಯಲ್ಲಿ, ಸುಮಾರು 83.3 ಸೆಂ.ಮೀ. ಇಡಬೇಕು. ಸೊಂಟಪಟ್ಟಿಯನ್ನು ಬಟ್ಟೆಯ ಉದ್ದಕ್ಕೆ ಕತ್ತರಿಸಿದ್ದರೆ ಅದರ ಕುಗ್ಗುವಿಕೆ ಪ್ಯಾಂಟಿನ ಅಗಲದ್ದಕ್ಕಿಂತ ಬೇರೆ, ಇದನ್ನು ಮರೆಯುವವರೇ ಹೆಚ್ಚು. ಬೇರೆ ಬೇರೆ ಕುಗ್ಗುವಿಕೆಯ ರೋಲುಗಳನ್ನು ಒಂದರ ಮೇಲೊಂದು ಹರಡಿ ಒಟ್ಟಿಗೆ ಕತ್ತರಿಸಬೇಡಿ. 2,000ದಲ್ಲಿ 300 ಮಾತ್ರ ಕೆಟ್ಟಿದ್ದು ನೋಡಿದರೆ, ಹೆಚ್ಚು ಕುಗ್ಗುವ ಕೆಲವು ರೋಲುಗಳು ಉಳಿದವುಗಳ ಜೊತೆ ಬೆರೆತಿದ್ದವೆಂಬುದೇ ನನ್ನ ಅನುಮಾನ.

1924ರಲ್ಲಿ ಅಮೆರಿಕದ ವಾಲ್ಟರ್ ಶೂಹಾರ್ಟ್ ರೂಪಿಸಿದ ನಿಯಂತ್ರಣ ನಕ್ಷೆಯಂತೆ (ಅಳತೆ ಮಿತಿ ದಾಟಿದೆಯೇ ಎಂದು ತೋರಿಸುವ ರೇಖಾಚಿತ್ರ) ಈ ಅಳತೆಗಳನ್ನು ದಿನವೂ ಗುರುತಿಸಿ ಗೋಡೆಗೆ ಹಚ್ಚಿ. ಎಷ್ಟು ಹೆಚ್ಚುಕಡಿಮೆ ಒಪ್ಪಿತವೆಂಬುದನ್ನು ಕತ್ತರಿ ಹಾಕುವ ಮೊದಲೇ ಖರೀದಿದಾರರಿಂದ ಬರೆಸಿಕೊಳ್ಳಿ.