ಮೊದಲ ಕಥಾಸಂಕಲನಕ್ಕೆ ಸಣ್ಣ ಪ್ರಕಾಶನವನ್ನು ಹುಡುಕುವುದು ಹೇಗೆ?

ಹನ್ನೆರಡು ಕಥೆಗಳ ಹಸ್ತಪ್ರತಿ ಸಿದ್ಧವಿದೆ, ಪ್ರಕಾಶಕರ ಪರಿಚಯವಿಲ್ಲ, ಒಬ್ಬರು ಮಾತ್ರ “ಅಚ್ಚು ಹಾಕಿಸುತ್ತೇವೆ, ಆದರೆ 200 ಪ್ರತಿ ನೀವೇ ಕೊಳ್ಳಬೇಕು” ಎಂದಿದ್ದಾರೆ, ಒಪ್ಪಬಹುದೇ ಎಂದು ಕೇಳಿದ್ದೀರಿ.

ಈಗಲೇ ಒಪ್ಪಬೇಡಿ. ಮುಖಬೆಲೆ 180 ರೂಪಾಯಿ ಎಂದುಕೊಳ್ಳಿ. ಶೇ. 30 ರಿಯಾಯಿತಿ ಕಳೆದರೂ 200 ಪ್ರತಿಗೆ ನಿಮ್ಮ ಕೈಯಿಂದ 25,200 ರೂಪಾಯಿ ಹೋಗುತ್ತದೆ. ಅದೇ ಪುಸ್ತಕದ 500 ಪ್ರತಿಯೂ ಖರ್ಚಾಗಿ ಶೇ. 10ರಂತೆ ರಾಯಧನ (ರಾಯಲ್ಟಿ) ಬಂದರೆ ನಿಮಗೆ ಸಿಗುವುದು 9,000. ಹಣಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ: ಅಚ್ಚಿನ ಖರ್ಚಿನ ದೊಡ್ಡ ಪಾಲು ಮೊದಲೇ ಕೈಸೇರಿದವರಿಗೆ ಪುಸ್ತಕವನ್ನು ಅಂಗಡಿಗೆ ತಲುಪಿಸಲೇಬೇಕೆಂಬ ಒತ್ತಡ ಇರುವುದಿಲ್ಲ. ಉಳಿದ ಪ್ರತಿಗಳು ಗೋದಾಮಿನಲ್ಲಿರುತ್ತವೆ, ನಿಮ್ಮ 200 ನಿಮ್ಮ ಮನೆಯಲ್ಲಿರುತ್ತವೆ.

ಹುಡುಕಾಟವನ್ನು ಪುಸ್ತಕದಂಗಡಿಯಿಂದ ಶುರುಮಾಡಿ. ಬೆಂಗಳೂರಿನಲ್ಲಿದ್ದರೆ ಗಾಂಧಿಬಜಾರಿನ ಅಂಕಿತ ಪುಸ್ತಕ, ಬೇರೆ ಊರಾದರೆ ನವಕರ್ನಾಟಕ ಅಥವಾ ಸಪ್ನ ಮಳಿಗೆ. ಕಳೆದ ಮೂರು ನಾಲ್ಕು ವರ್ಷಗಳಲ್ಲಿ ಬಂದ ಹೊಸಬರ ಕಥಾಸಂಕಲನಗಳನ್ನು ತೆಗೆದು, ಶೀರ್ಷಿಕೆ ಪುಟದ ಹಿಂಬದಿ ಓದಿ. ಪ್ರತಿಗಳು 500 ಅಥವಾ 1000, 1/8 ಡೆಮಿ (ಪುಸ್ತಕದ ಅಳತೆ), 70 ಜಿಎಸ್‌ಎಂ ಕಾಗದ (ಜಿಎಸ್‌ಎಂ ಎಂದರೆ ಕಾಗದದ ತೂಕದ ಅಳತೆ), ಹಕ್ಕು ಯಾರದು, ಎಷ್ಟನೇ ಮುದ್ರಣ ಎಂಬುದೆಲ್ಲ ನಮ್ಮ ಪುಸ್ತಕಗಳಲ್ಲಿ ಹೆಚ್ಚಾಗಿ ಅಲ್ಲೇ ಇರುತ್ತದೆ. ಹೊಸ ಲೇಖಕರ ಪುಸ್ತಕವನ್ನು ಎರಡನೇ ಮುದ್ರಣಕ್ಕೆ ತಂದ ಪ್ರಕಾಶನ ಕಂಡರೆ ಹೆಸರು ಬರೆದುಕೊಳ್ಳಿ. ಒಳಪುಟಗಳಲ್ಲಿ ಅಚ್ಚಿನ ತಪ್ಪು ಎಷ್ಟಿವೆ ಎಂದೂ ನೋಡಿ. ಮೊದಲ ಹತ್ತು ಪುಟದಲ್ಲೇ ಐದಾರು ಸಿಕ್ಕರೆ ಅಲ್ಲಿ ಕರಡು ತಿದ್ದುವವರಿಲ್ಲ ಎಂದೇ ತಿಳಿಯಿರಿ.

ಪ್ರತಿ ಸಣ್ಣ ಪ್ರಕಾಶನಕ್ಕೂ ಒಂದು ಒಲವಿರುತ್ತದೆ. ಹೆಗ್ಗೋಡಿನ ಅಕ್ಷರ ಪ್ರಕಾಶನದ ಪಟ್ಟಿಯಲ್ಲಿ ರಂಗಭೂಮಿ, ವಿಮರ್ಶೆ, ಅನುವಾದಗಳ ತೂಕ ಹೆಚ್ಚು. ಗದಗಿನ ಲಡಾಯಿ ಪ್ರಕಾಶನದ್ದು ಜನಚಳವಳಿಗಳ ಜೊತೆಗಿನ ನಂಟು. ಶಿವಮೊಗ್ಗದ ಅಹರ್ನಿಶಿ, 1933ರಿಂದ ನಡೆದುಬಂದ ಧಾರವಾಡದ ಮನೋಹರ ಗ್ರಂಥಮಾಲೆ, ಇವುಗಳ ಪಟ್ಟಿಯನ್ನೂ ನೋಡಿ. ನಿಮ್ಮದು ಮೊದಲ ಕಥಾಸಂಕಲನವಾದ್ದರಿಂದ ನಾನು ಮೊದಲು ಹೇಳುವ ಹೆಸರು ಬೆಂಗಳೂರಿನ ಛಂದ ಪುಸ್ತಕ. ಇನ್ನೂ ಸಂಕಲನ ತರದ ಕಥೆಗಾರರಿಂದ ಹಸ್ತಪ್ರತಿ ಕರೆದು, ಆಯ್ಕೆಯಾದದ್ದನ್ನು ಬಹುಮಾನ ಕೊಟ್ಟು ಪ್ರಕಟಿಸುವ ಸ್ಪರ್ಧೆಯನ್ನು ಅವರು ನಡೆಸುತ್ತಾ ಬಂದಿದ್ದಾರೆ. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನದ ಯೋಜನೆಯಿದೆ. ವಯೋಮಿತಿ ಇರುವುದರಿಂದ ಆ ವರ್ಷದ ಪ್ರಕಟಣೆಯನ್ನು ಓದಿಯೇ ಅರ್ಜಿ ಹಾಕಿ.

ಇಂಥ ಪ್ರಕಾಶನಗಳಲ್ಲಿ ಹಲವನ್ನು ಒಬ್ಬಿಬ್ಬರೇ ನಡೆಸುತ್ತಾರೆ, ಅದೂ ಬೇರೆ ಕೆಲಸದ ನಡುವೆ. ಇಡೀ ಹಸ್ತಪ್ರತಿಯನ್ನು ವಾಟ್ಸ್ಯಾಪ್‌ಗೆ ಸುರಿಯಬೇಡಿ. ಒಂದು ಪುಟದ ಪತ್ರ, ಮೂರು ಒಳ್ಳೆಯ ಕಥೆ ಸಾಕು. ಪತ್ರದಲ್ಲಿ ಒಟ್ಟು ಪದಗಳೆಷ್ಟು, ಯಾವ ಕಥೆ ಮಯೂರದಲ್ಲೋ ಸುಧಾದಲ್ಲೋ ವಿಶೇಷಾಂಕದಲ್ಲೋ ಬಂದಿದೆ, ಅವರ ಪಟ್ಟಿಯ ಯಾವ ಪುಸ್ತಕದ ಪಕ್ಕ ನಿಮ್ಮದು ಕೂರಬಹುದು ಎಂದು ಬರೆಯಿರಿ. ಮುನ್ನುಡಿ, ಬೆನ್ನುಡಿಗಳನ್ನು ಮೊದಲೇ ಬರೆಸಿಟ್ಟುಕೊಳ್ಳುವ ಅಗತ್ಯವಿಲ್ಲ. ಎರಡು ತಿಂಗಳು ಕಾದು ಒಮ್ಮೆ ನೆನಪಿಸಿ. ಒಂದೇ ಸಲ ಇಬ್ಬರು ಮೂವರಿಗೆ ಕಳಿಸಿದರೆ ತಪ್ಪಿಲ್ಲ, ಆದರೆ ಅದನ್ನು ಪತ್ರದಲ್ಲೇ ತಿಳಿಸಿ.

ಕಡತ ಯೂನಿಕೋಡ್‌ನಲ್ಲಿರಲಿ, ಜೊತೆಗೆ ಪಿಡಿಎಫ್ ಇರಲಿ. ಪುಟವಿನ್ಯಾಸ ಮಾಡುವವರು ಇಂದಿಗೂ ಎಷ್ಟೋ ಕಡೆ ಪೇಜ್‌ಮೇಕರ್‌ನಲ್ಲಿ ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟ್ ಬಳಸುತ್ತಾರೆ. ಪರಿವರ್ತನೆ ಮಾಡುವಾಗ ಅರ್ಕಾವೊತ್ತು ಜಾಗ ತಪ್ಪುತ್ತದೆ, ಉದ್ಧರಣ ಚಿಹ್ನೆಗಳು ಬೇರೇನೋ ಅಕ್ಷರಗಳಾಗುತ್ತವೆ, ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗುತ್ತದೆ. ನಿಮ್ಮ ವರ್ಡ್ ಕಡತ ಎಷ್ಟೇ ಶುದ್ಧವಾಗಿದ್ದರೂ ಈ ತಪ್ಪುಗಳು ಆಮೇಲೆ ಹುಟ್ಟಿಕೊಳ್ಳುತ್ತವೆ. ಆದ್ದರಿಂದ ಕೊನೆಯ ಕರಡನ್ನು ಪುಟವಿನ್ಯಾಸದ ಪಿಡಿಎಫ್‌ನಲ್ಲೇ, ಸಾಧ್ಯವಾದರೆ ಕಾಗದದ ಮೇಲೆ ತೆಗೆದು ಓದಿ. ಪುಸ್ತಕ ಅಚ್ಚಾಗುವುದು ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಚುವ ಪುಟಗಳ ಕಟ್ಟು) ಲೆಕ್ಕದಲ್ಲಿ: ಫಾರಂಗೆ 16 ಪುಟವಾದರೆ 128 ಪುಟಕ್ಕೆ ಎಂಟು ಫಾರಂ. ನಿಮ್ಮದು 130 ಪುಟಕ್ಕೆ ಹೋಗಿ, “ಎರಡು ಪುಟ ಇಳಿಸಿ” ಎಂದು ಅವರು ಕೇಳಿದರೆ ಅದು ಕಥೆಯ ಮೇಲಿನ ಟೀಕೆಯಲ್ಲ.

ಒಪ್ಪಂದ ಬರಹದಲ್ಲೇ ಇರಬೇಕು. ಕನ್ನಡದಲ್ಲಿ ಎಷ್ಟೋ ಪುಸ್ತಕ ಬರೀ ಮಾತಿನ ಮೇಲೆ ಬರುತ್ತವೆ, ಜಗಳ ಹುಟ್ಟುವುದೂ ಅಲ್ಲಿಂದಲೇ. 1957ರ ಕೃತಿಸ್ವಾಮ್ಯ ಕಾಯಿದೆಯ 19ನೇ ಕಲಂ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿದ್ದು ಸಹಿಯಾಗಿರಬೇಕು. ಅವಧಿ ಹೇಳದಿದ್ದರೆ ಅದು ಐದು ವರ್ಷ ಎಂದೇ ಲೆಕ್ಕ. ನೀವು ಕೊಡಬೇಕಾದ್ದು ಕನ್ನಡ ಮುದ್ರಣದ ಹಕ್ಕು ಮಾತ್ರ, ಅದೂ ಮೂರರಿಂದ ಐದು ವರ್ಷಕ್ಕೆ. ಅನುವಾದ, ಆಡಿಯೊ, ಇ-ಪುಸ್ತಕ, ಸಿನಿಮಾ ಹಕ್ಕುಗಳು ನಿಮ್ಮಲ್ಲೇ ಉಳಿಯಲಿ. ರಾಯಧನ ಮುಖಬೆಲೆಯ ಮೇಲೋ, ರಿಯಾಯಿತಿ ಕಳೆದ ಮೊತ್ತದ ಮೇಲೋ ಎಂಬುದು ಸ್ಪಷ್ಟವಾಗಿರಲಿ. ಅಂಗಡಿಗೆ ಶೇ. 40 ಬಿಟ್ಟುಕೊಟ್ಟರೆ 180 ರೂಪಾಯಿ ಪುಸ್ತಕಕ್ಕೆ ನಿಮಗೆ ಬರುವುದು 18ರ ಬದಲು 10 ರೂಪಾಯಿ 80 ಪೈಸೆ. ಗೌರವ ಪ್ರತಿಗಳೆಷ್ಟು, ಹೆಚ್ಚಿನ ಪ್ರತಿ ಯಾವ ದರಕ್ಕೆ, ವರ್ಷಕ್ಕೊಮ್ಮೆ ಲೆಕ್ಕ ಕೊಡುವ ತಿಂಗಳು ಯಾವುದು ಎಂದೂ ಸೇರಿಸಿ.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಪ್ರತ್ಯೇಕ ಹಣ ಕೇಳಿದರೆ ಕೊಡಬೇಡಿ; ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ವಿಷಯವನ್ನೂ ಮೊದಲೇ ಮಾತಾಡಿ. ಆಯ್ಕೆಯಾದರೆ ಸಣ್ಣ ಪ್ರಕಾಶನಕ್ಕೆ ಅದೇ ಆಸರೆ, ಆದರೆ ಹಣ ತಡವಾಗಿ ಬರುತ್ತದೆ. ಆ ಪ್ರತಿಗಳಿಗೂ ರಾಯಧನ ಉಂಟೇ ಎಂದು ಒಪ್ಪಂದದಲ್ಲಿ ಬರೆಸಿ. ಇಲಾಖೆ ಅರ್ಜಿ ಕರೆಯುವುದು ಇಂತಿಂಥ ವರ್ಷ ಮೊದಲ ಮುದ್ರಣ ಕಂಡ ಪುಸ್ತಕಗಳಿಗೆ. ಪುಸ್ತಕ ಡಿಸೆಂಬರ್ ಕೊನೆಯಲ್ಲಿ ಸಿದ್ಧವಾಗುತ್ತಿದ್ದರೆ ಒಳಪುಟದಲ್ಲಿ ಯಾವ ವರ್ಷ ಹಾಕಬೇಕೆಂದು ಪ್ರಕಾಶಕರ ಜೊತೆ ಕೂತು, ಅಚ್ಚಿಗೆ ಹೋಗುವ ಮೊದಲೇ ತೀರ್ಮಾನಿಸಿ.