ಐವರು, ಒಂದು ಕೋಣೆ, ಒಂದು ಚೀಲ ಸುಣ್ಣ

ಮಂಡ್ಯದ ಓದುಗರೊಬ್ಬರು ಬರೆದಿದ್ದಾರೆ: "ನಾವು ಐದು ಜನ ಗೆಳೆಯರು ಸೇರಿ ಕಡಿಮೆ ದುಡ್ಡಿನಲ್ಲಿ ತೊಂಬತ್ತು ನಿಮಿಷದ ವೈಜ್ಞಾನಿಕ ಥ್ರಿಲ್ಲರ್ ಮಾಡಲು ಹೊರಟಿದ್ದೇವೆ. ಮಂಡ್ಯದ ಒಂದು ಕಬ್ಬು-ಬೆಲ್ಲದ ಪ್ರಯೋಗಾಲಯ. ಅದರ ಕೋಲ್ಡ್ ರೂಮಿನಲ್ಲಿ ನಾಲ್ವರು ವಿಜ್ಞಾನಿಗಳೂ ಒಬ್ಬ ಅಟೆಂಡರೂ ಸಿಕ್ಕಿಬೀಳುತ್ತಾರೆ. ಹೊರಗೆ ಗಂಧಕದ ಗ್ಯಾಸ್ ಸೋರಿಕೆ, ಒಳಗೆ ಎರಡು ಗಂಟೆಯಲ್ಲಿ ಆಮ್ಲಜನಕ ಖಾಲಿ. ಕೋಣೆ 12 ಅಡಿಗೆ 14 ಅಡಿ, ಎತ್ತರ 10 ಅಡಿ. ಗೆಳೆಯನ ಮನೆಯ ಮಹಡಿ ಕೋಣೆಯಲ್ಲೇ ಚಿತ್ರೀಕರಣ. ಶಬ್ದ ಬಾರದ ಹಾಗೆ ಗೋಡೆಗೆಲ್ಲ ಗೋಣಿತಟ್ಟು ಹೊಡೆಸುತ್ತೇವೆ. ಒಂದೇ ಕೋಣೆ ತಾನೇ, ಎಂಟು ದಿನ ಸಾಕು ಅಂದುಕೊಂಡಿದ್ದೇವೆ. ಸರಿಯೇ?"

ಗೋಣಿತಟ್ಟಿನಿಂದ ಶುರು ಮಾಡೋಣ. ಉಳಿದದ್ದೆಲ್ಲ ಸಿನಿಮಾದ ವಿಷಯ, ಇದು ಪ್ರಾಣದ ವಿಷಯ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು 62 ಮಂದಿ ತೀರಿಹೋದರು. ಸಡಿಲ ವೈರಿಂಗು, ಗಾಳಿಯಾಡದ ಒಳಾಂಗಣ, ದೊಡ್ಡ ದೊಡ್ಡ ದೀಪಗಳ ಕಾವು, ಗೋಡೆಗೆ ಗೋಣಿತಟ್ಟು: ಆಗ ಹೇಳಿದ ಕಾರಣಗಳು ಇವು. ನಿಮ್ಮ ಯೋಜನೆಯಲ್ಲಿ ಇವುಗಳಲ್ಲಿ ಎರಡು ಈಗಾಗಲೇ ಇವೆ. ಸಾಲದ್ದಕ್ಕೆ ಗೋಣಿತಟ್ಟು ಹೊರಗಿನ ಶಬ್ದವನ್ನು ತಡೆಯುವುದೂ ಇಲ್ಲ. ಹೊರಗಿನ ಶಬ್ದ ನಿಲ್ಲುವುದು ಗೋಡೆಯ ತೂಕದಿಂದ, ಸಂದುಗಳನ್ನು ಮುಚ್ಚುವುದರಿಂದ. ಬಟ್ಟೆ ಒಳಗಿನ ಮಾರ್ದನಿಯನ್ನು ಅಷ್ಟಿಷ್ಟು ತಗ್ಗಿಸುತ್ತದೆ, ಅಷ್ಟೇ. ಮಾರ್ದನಿಗೆ ಎರಡಿಂಚು ದಪ್ಪದ ರಾಕ್‌ವೂಲ್ (ಕಲ್ಲಿನ ನಾರಿನ) ಹಲಗೆಗಳನ್ನು ಬಟ್ಟೆಯಲ್ಲಿ ಸುತ್ತಿ, ಕ್ಯಾಮೆರಾಗೆ ಕಾಣದ ಕಡೆ ಸ್ಟ್ಯಾಂಡಿಗೆ ನೇತುಹಾಕಿ. ಅದು ಹೊತ್ತಿಕೊಳ್ಳುವ ವಸ್ತುವಲ್ಲ. ಒಂದು 2 ಕಿಲೋವ್ಯಾಟ್ ಹ್ಯಾಲೊಜೆನ್ ಬದಲು 150 ವ್ಯಾಟಿನ ನಾಲ್ಕು ಎಲ್‌ಇಡಿ ಪ್ಯಾನೆಲ್ ತನ್ನಿ. ಮನೆಯ 6 ಆಂಪಿಯರ್ ಸಾಕೆಟ್ ಸುಮಾರು 1.3 ಕಿಲೋವ್ಯಾಟ್ ತಡೆಯುತ್ತದೆ, 16 ಆಂಪಿಯರಿನದು 3.5. ಸೆಟ್ಟಿನಿಂದ ಹೊರಬೀಳಲು ಎರಡು ದಾರಿ ಯಾವಾಗಲೂ ತೆರವಾಗಿರಲಿ, ಎರಡರ ಬಳಿಯೂ ಪೌಡರ್ ತುಂಬಿದ ಅಗ್ನಿಶಾಮಕ ಇರಲಿ.

ಈಗ ಕತೆಗೆ ಬರೋಣ. ನಿಮ್ಮ ಎರಡು ಗಂಟೆಯ ಲೆಕ್ಕ ಎಲ್ಲಿಂದ ಬಂತೋ ಕಾಣೆ. 12, 14, 10 ಗುಣಿಸಿದರೆ 1680 ಘನ ಅಡಿ, ಅಂದರೆ ಹೆಚ್ಚುಕಡಿಮೆ 47,500 ಲೀಟರ್ ಗಾಳಿ. ಸುಮ್ಮನೆ ಕೂತು ಮಾತಾಡುತ್ತಿರುವ ಒಬ್ಬ ಮನುಷ್ಯ ಗಂಟೆಗೆ ಸುಮಾರು 20 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾನೆ. ಐವರಿಗೆ 100 ಲೀಟರ್. ಎರಡು ಗಂಟೆಗೆ ಆದದ್ದು ಶೇ. 0.4, ಕಿಟಕಿ ಮುಚ್ಚಿದ ರಶ್ಶಾದ ಬಸ್ಸಿನಷ್ಟೇ ಉಸಿರುಗಟ್ಟುವಿಕೆ. ಕೋಣೆಯಲ್ಲಿ ಅದು ಶೇ. 3 ಮುಟ್ಟಿ ತಲೆನೋವು, ಜೋರು ಉಸಿರು ಶುರುವಾಗಲು ಸುಮಾರು 14 ಗಂಟೆ ಬೇಕು. ಶೇ. 5ಕ್ಕೆ, ಏದುಸಿರು, ತಲೆಸುತ್ತು, ಮಾತು ತಪ್ಪುವ ಹಂತಕ್ಕೆ, ಸುಮಾರು 24 ಗಂಟೆ. ಶೇ. 10ರ ಹತ್ತಿರ ಪ್ರಜ್ಞೆಯೇ ಹೋಗುತ್ತದೆ. ಇಷ್ಟಾದರೂ ಆಮ್ಲಜನಕ 'ಖಾಲಿ'ಯಾಗಿರುವುದಿಲ್ಲ. 24ನೇ ಗಂಟೆಯಲ್ಲಿ ಅದು ಶೇ. 21ರಿಂದ 15ರ ಆಸುಪಾಸಿಗೆ ಇಳಿದಿರುತ್ತದೆ. ಮುಚ್ಚಿದ ಕೋಣೆಯಲ್ಲಿ ಮೊದಲು ಕಾಡುವುದು ಇಲ್ಲದ ಆಮ್ಲಜನಕವಲ್ಲ, ನಾವೇ ಬಿಟ್ಟ ಉಸಿರು. ಇದನ್ನು ತಲೆಕೆಳಗು ಮಾಡಿದ ಚಿತ್ರಕಥೆಗಳು ನಮ್ಮ ಮೇಜಿಗೆ ವಾರಕ್ಕೊಂದು ಬರುತ್ತವೆ.

ಹಾಗಾದರೆ ಹೊರಗಿನ ನಿಮ್ಮ ಗಂಧಕದ ಗ್ಯಾಸ್ ನಿಲ್ಲುವುದಿಲ್ಲ. ಗಂಧಕ ಉರಿಸುವ ಬರ್ನರ್ ಆರಿಸಿದ ಮೇಲೆ ಬಯಲಿನ ಗಾಳಿಗೆ ಅದು ಚೆದುರಿಹೋಗುತ್ತದೆ, ಮಾಸ್ಕ್ ಹಾಕಿಕೊಂಡ ಅಗ್ನಿಶಾಮಕ ದಳದವರು ಬಂದು ಬಾಗಿಲು ತೆಗೆಯುತ್ತಾರೆ. ಹೊರಗಿನ ಗಡಿಯಾರ ಎರಡು ಗಂಟೆಯದು, ಒಳಗಿನದು ಒಂದು ಹಗಲು ಒಂದು ರಾತ್ರಿಯದು. ಗ್ಯಾಸ್ ಬಿಟ್ಟು ರಜೆ ಹಿಡಿಯಿರಿ. ಪ್ರಯೋಗಾಲಯವನ್ನು ಮಂಡ್ಯದಿಂದ ಮೈಸೂರಿಗೆ, ಅರಮನೆಗೆ ಹತ್ತಿರದ ಬೀದಿಗೆ ತನ್ನಿ. ಆಯುಧಪೂಜೆಯ ಮಧ್ಯಾಹ್ನ. ಯಂತ್ರಗಳಿಗೆಲ್ಲ ಕುಂಕುಮ, ಚೆಂಡುಹೂವು, ಬೂದುಗುಂಬಳ. ಕೋಲ್ಡ್ ರೂಮು ಕೆಟ್ಟು ಎಷ್ಟೋ ವರ್ಷವಾಗಿ ಗೋಡೌನ್ ಆಗಿದೆ (ಯಾವ ಹಳೇ ಪ್ರಯೋಗಾಲಯದಲ್ಲಿ ಅಂಥದ್ದೊಂದು ಇಲ್ಲ?). ಪೂಜೆಗಿಡಲು ಹಳೇ ತಕ್ಕಡಿ ತರಲು ಐವರೂ ಒಳಗೆ ಹೋಗುತ್ತಾರೆ, ಬಾಗಿಲು ಬೀಳುತ್ತದೆ. ಮಾರನೇ ದಿನ ವಿಜಯದಶಮಿ, ಯಾರೂ ಬರುವುದಿಲ್ಲ. ಗೋಡೆ ಎರಡೂ ಕಡೆ ತಗಡು ಹೊದಿಸಿ ನಡುವೆ ಫೋಮ್ ತುಂಬಿದ ಪಫ್ ಪ್ಯಾನೆಲ್ ಆದ್ದರಿಂದ ಮೊಬೈಲ್ ಸಿಗ್ನಲ್ ಒಳಬರುವುದಿಲ್ಲ. ಐವರ ಮನೆಯವರು ಹುಡುಕದೆ ಇರುತ್ತಾರೆಯೇ ಎಂದು ಪ್ರೇಕ್ಷಕ ಕೇಳುತ್ತಾನೆ. ಹುಡುಕುತ್ತಾರೆ, ಆದರೆ ದಸರಾ ಜನಜಂಗುಳಿಯಲ್ಲಿ ಹುಡುಕುತ್ತಾರೆ. ರಸ್ತೆ ಬಂದ್ ಆಗಿರುವುದರಿಂದ ಗಾಡಿಗಳನ್ನು ಬೇರೆಲ್ಲೋ ನಿಲ್ಲಿಸಿ ನಡೆದು ಬಂದಿದ್ದರು, ಪ್ರಯೋಗಾಲಯದ ಮುಂದೆ ಒಂದು ಸ್ಕೂಟರೂ ಇಲ್ಲ.

ಇದರಿಂದ ಬಿಟ್ಟಿಯಾಗಿ ಸಿಗುವ ಲಾಭ ನೋಡಿ. ಮಾರನೇ ಮಧ್ಯಾಹ್ನ, ಅಂದರೆ ಒಳಗೆ 24ನೇ ಗಂಟೆಯ ಆಸುಪಾಸಿನಲ್ಲಿ, ಜಂಬೂಸವಾರಿಯ 21 ಕುಶಾಲತೋಪು. ಆ ದಪ್ಪ ಗೋಡೆಯನ್ನು ಮಾತು ದಾಟುವುದಿಲ್ಲ, ತೋಪಿನ 'ದುಂ' ದಾಟುತ್ತದೆ. ಏದುಸಿರಿನಲ್ಲಿರುವ ವಿಜ್ಞಾನಿ ಎಣಿಸುತ್ತಾ 16, 18 ಎಂದು ತಪ್ಪಿದರೆ ಸಾಕು. ಕಾರ್ಬನ್ ಡೈಆಕ್ಸೈಡ್ ಎಷ್ಟಾಗಿದೆ ಎಂದು ಬೋರ್ಡಿನ ಮೇಲೆ ಬರೆಯಬೇಕಿಲ್ಲ. ಖರ್ಚು ಒಂದು ಶಬ್ದದ ಕಡತ.

ಗಾಳಿಗಿಂತ ಮೊದಲು ಸೆಕೆ ಕಾಡುತ್ತದೆ ಎಂಬುದನ್ನೂ ಮರೆಯಬೇಡಿ. ಒಬ್ಬೊಬ್ಬರ ಮೈಯಿಂದ 100 ವ್ಯಾಟಿನಷ್ಟು ಶಾಖ, ಐವರದು ಸೇರಿ ಒಂದು ಸಣ್ಣ ಹೀಟರ್. ಚಳಿ ಹಿಡಿದಿಡಲು ಕಟ್ಟಿದ ಗೋಡೆ ಶಾಖವನ್ನೂ ಹಿಡಿದಿಡುತ್ತದೆ. ಬೆವರಿಗೆ ಗ್ಲಿಸರಿನ್ ಮತ್ತು ನೀರು ಸಮಸಮ ಬೆರೆಸಿ ಸ್ಪ್ರೇ ಮಾಡಿ. ಬರೀ ನೀರು ಟೇಕ್ ಮುಗಿಯುವ ಮೊದಲೇ ಆರುತ್ತದೆ. ಬೆಂಕಿಕಡ್ಡಿಯ ವಿಷಯದಲ್ಲೂ ಎಚ್ಚರ. ಆಮ್ಲಜನಕ ಶೇ. 16ರ ಹತ್ತಿರ ಇಳಿದಾಗ ಜ್ವಾಲೆ ನಿಲ್ಲುವುದಿಲ್ಲ. ನಿಮ್ಮ ಕೋಣೆಯಲ್ಲಿ ಅದು ಸುಮಾರು 20ನೇ ಗಂಟೆ. ಆದರೆ ಕಡ್ಡಿ ಆರಿದ ಮಾತ್ರಕ್ಕೆ ಮನುಷ್ಯ ಸಾಯುವುದಿಲ್ಲ, ಇನ್ನೂ ಎಷ್ಟೋ ಹೊತ್ತು ಜಗಳವಾಡುತ್ತಾನೆ.

ನಿಮ್ಮ ಕತೆಯಲ್ಲಿ ಬಿಡುಗಡೆಯ ಉಪಾಯ ಕಂಪ್ಯೂಟರ್ ಹ್ಯಾಕ್ ಮಾಡುವುದು. ಬೇಡ. ಬೆಲ್ಲದ ಪ್ರಯೋಗಾಲಯದಲ್ಲಿ ಸುಣ್ಣ ಇದ್ದೇ ಇರುತ್ತದೆ. ಆಲೆಮನೆಯಲ್ಲಿ ಕಬ್ಬಿನ ಹಾಲು ತಿಳಿಯಾಗಿಸಲು ಹಾಕುವುದು ಅದನ್ನೇ. ಗೋಡೌನಿನಲ್ಲಿ 25 ಕಿಲೋದ ಒಂದು ಚೀಲ ಇಡಿ. ಅರಳಿದ ಸುಣ್ಣ ಕಾರ್ಬನ್ ಡೈಆಕ್ಸೈಡನ್ನು ಹೀರಿ ಸೀಮೆಸುಣ್ಣದಂಥ ಜಡ ಪುಡಿಯಾಗುತ್ತದೆ. ಲೆಕ್ಕಕ್ಕೆ ಕಿಲೋ ಒಂದಕ್ಕೆ 320 ಲೀಟರಿನಷ್ಟು ಹೀರಬೇಕು. ಮೇಲ್ಮೈ ಹೆಪ್ಪುಗಟ್ಟಿ ಒಳಗಿನದು ಹಾಗೇ ಉಳಿಯುವುದರಿಂದ ಅರ್ಧ ಹಿಡಿಯಿರಿ. ಆಗಲೂ ಚೀಲಕ್ಕೆ 4,000 ಲೀಟರ್, ಐವರ 40 ಗಂಟೆಯ ಉಸಿರು. ಒಣಗಿದ ಸುಣ್ಣ ಹೀರುವುದಿಲ್ಲ, ತುಸು ತೇವ ಬೇಕು. ಕೆಸರಾಗುವಷ್ಟು ನೀರು ಹಾಕಿದರೂ ಕೆಟ್ಟಿತು, ಗಾಳಿ ಒಳಗೆ ಇಳಿಯುವುದಿಲ್ಲ. ಇರುವುದೇ ಎರಡು ಬಾಟಲಿ ಕುಡಿಯುವ ನೀರು ಎಂದಿಟ್ಟುಕೊಳ್ಳಿ, ಯಾವುದಕ್ಕೆ ಖರ್ಚು ಮಾಡುವುದು ಎಂಬುದು ಹತ್ತು ಪುಟದ ಜಗಳ. ತೆಳ್ಳಗೆ ಹರಡಿ ಆಗಾಗ ಕೆದಕಬೇಕು, ಹಾಗಾಗಿ ನೆಲವೆಲ್ಲ ಸುಣ್ಣ, ಜನ ರ‍್ಯಾಕಿನ ಮೇಲೆ. ನಿಮ್ಮ ಚಿತ್ರದ ಎರಡನೇ ಅರ್ಧಕ್ಕೆ ಬೇರೆಯದೇ ಸೆಟ್ಟು ಬಂದ ಹಾಗಾಯಿತು.

ಈ ಉಪಾಯ ಯಾರಿಗೆ ಹೊಳೆಯಬೇಕು? ಪಿಎಚ್‌ಡಿ ಮಾಡಿದವರಿಗಲ್ಲ. ಎಲೆಅಡಿಕೆ ಹಾಕುವ ಅಟೆಂಡರಿಗೆ. "ಅಯ್ಯೋ ಬುಡಿ ಸಾ, ಡಬ್ಬಿ ಮುಚ್ಚಳ ತೆಗ್ದಿಟ್ರೆ ಸುಣ್ಣ ಸತ್ತೋಯ್ತದೆ" ಎಂದು ಅವನು ಬೇರೆ ಯಾವುದೋ ಮಾತಿಗೆ ಹೇಳಲಿ; ರಸಾಯನಶಾಸ್ತ್ರಜ್ಞೆ ತಿರುಗಿ ನೋಡಲಿ. ಸುಣ್ಣ 'ಸಾಯುವುದು' ಗಾಳಿಯ ಕಾರ್ಬನ್ ಡೈಆಕ್ಸೈಡಿನಿಂದಲೇ. ಆಕೆ ಅದನ್ನು ಬಾಯಿಬಿಟ್ಟು ವಿವರಿಸುವುದು ಬೇಡ, ಎದ್ದು ಚೀಲ ಹರಿದರೆ ಸಾಕು. ನೀವು ಕಳಿಸಿದ ಮಾದರಿ ಪುಟಗಳಲ್ಲಿ "ನಿಮಗೆ ಗೊತ್ತಿರುವ ಹಾಗೆ" ಎಂದು ಶುರುವಾಗುವ ಮಾತು ಹನ್ನೊಂದಿವೆ. ಗೊತ್ತಿರುವವರಿಗೆ ಯಾರೂ ಹೇಳುವುದಿಲ್ಲ. ಹನ್ನೊಂದನ್ನೂ ಹೊಡೆದುಹಾಕಿ.

ಚಿತ್ರೀಕರಣದಲ್ಲಿ ಮಾತ್ರ ನಿಜವಾದ ಸುಣ್ಣ ಬಳಸಲೇಬೇಡಿ, ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಮೈದಾ ಕೂಡ ಬೇಡ, ಅದರ ದೂಳು ಹೊತ್ತಿಕೊಳ್ಳುತ್ತದೆ. ಬಿಳಿ ರಂಗೋಲಿ ಪುಡಿ ಸಾಕು. ಟೇಕುಗಳ ನಡುವೆ ಎಲ್ಲರಿಗೂ ಮಾಸ್ಕ್ ಇರಲಿ. ಹೆಜ್ಜೆಗುರುತಿನ ಕಾಟ ಈಗಲೇ ಹೇಳಿಬಿಡುತ್ತೇವೆ: ಒಂದು ರೀಟೇಕ್ ಅಂದರೆ ನೆಲವನ್ನು ಮತ್ತೆ ಸವರಿ, ಹಿಂದಿನ ಶಾಟಿನ ಗುರುತುಗಳನ್ನು ಫೋಟೋ ನೋಡಿ ಮತ್ತೆ ಮೂಡಿಸಬೇಕು. ಆ ಕೆಲಸಕ್ಕೇ ಒಬ್ಬರನ್ನು ಇಡಿ. ಹೊಗೆಗೆ ಡ್ರೈ ಐಸ್ ತರುತ್ತೇವೆ ಎಂದೂ ಬರೆದಿದ್ದೀರಿ. ಒಂದು ಕಿಲೋ ಡ್ರೈ ಐಸ್ 500 ಲೀಟರಿಗೂ ಮೀರಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಹತ್ತು ಕಿಲೋ ಆವಿಯಾದರೆ ನಿಮ್ಮ ಕೋಣೆಯ ಗಾಳಿ ಶೇ. 10 ದಾಟುತ್ತದೆ; ಕತೆಯಲ್ಲಿ ಪಾತ್ರಗಳಿಗೆ ಆಗಬೇಕಾದ್ದು ನಿಮ್ಮ ಯೂನಿಟ್ಟಿಗೆ ಆಗುತ್ತದೆ.

ಮಹಡಿ ಕೋಣೆಯ ಬಗ್ಗೆ. 12 ಅಡಿಯ ನಿಜವಾದ ಕೋಣೆಯಲ್ಲಿ ಕ್ಯಾಮೆರಾ ಹಿಂದೆ ಸರಿಯಲು ಜಾಗವೇ ಇರುವುದಿಲ್ಲ, ಅಗಲ ಲೆನ್ಸ್ ಬಿಟ್ಟು ಬೇರೆ ಗತಿಯಿಲ್ಲ. ಅಗಲ ಲೆನ್ಸ್ ಕೋಣೆಯನ್ನು ದೊಡ್ಡದು ಮಾಡಿ ತೋರಿಸುತ್ತದೆ, ನಿಮಗೆ ಬೇಕಾದ್ದರ ಉಲ್ಟಾ. ಆಷಾಢದಲ್ಲಿ ಮದುವೆಗಳಿಲ್ಲ, ಕಲ್ಯಾಣ ಮಂಟಪದ ಊಟದ ಹಾಲ್ ಖಾಲಿ ಬಿದ್ದಿರುತ್ತದೆ. ಬಾಡಿಗೆ ಮಾತಾಡಿ ಅಲ್ಲಿ ಸೆಟ್ ಹಾಕಿ. ಶೀಟಿನ ಚಾವಣಿಯ ಹಾಲ್ ಬೇಡ, ಮಳೆ ಬಂದರೆ ಸಂಭಾಷಣೆ ಹೋಯಿತು. ಕೋಣೆಯ ಸುತ್ತಳತೆ 52 ಅಡಿ, ಸೆಟ್ಟಿಗೆ ಹತ್ತಡಿಯ ಬದಲು ಎಂಟಡಿ ಎತ್ತರ ಹಿಡಿದರೆ ನಾಲ್ಕಡಿ ಅಗಲ ಎಂಟಡಿ ಎತ್ತರದ 13 ಪ್ಲೈವುಡ್ ಹಾಳೆ. 6 ಮಿಲಿಮೀಟರ್ ದಪ್ಪ ಸಾಕು, ಹಿಂದೆ ರೀಪರ್ ಚೌಕಟ್ಟು, ಒತ್ತುಗೋಲು, ಅದರ ಬುಡಕ್ಕೆ ಮರಳುಚೀಲ. ಕೋಲ್ಡ್ ರೂಮಿನ ಪ್ಯಾನೆಲ್‌ಗಳಲ್ಲಿ ಹೇಗೂ ಉದ್ದುದ್ದ ಸಂದು ಕಾಣುತ್ತದೆ, ಹಾಗಾಗಿ ಪ್ಲೈವುಡ್ಡಿನ ಸಂದನ್ನು ಪಟ್ಟಿ ಹಾಕಿ ಮುಚ್ಚುವ ಕೆಲಸವೇ ಇಲ್ಲ. ಬಣ್ಣ ಮ್ಯಾಟ್ ಇರಲಿ. ಹೊಳೆಯುವ ಬಣ್ಣ ಬಳಿದರೆ ಪ್ರತಿ ಶಾಟಿನಲ್ಲೂ ನಿಮ್ಮ ದೀಪವೇ ಕಾಣುತ್ತದೆ. ಕನಿಷ್ಠ ಎರಡು ಗೋಡೆ ಪಿನ್ ಎಳೆದರೆ ಬಿಚ್ಚಿಬರುವ ಹಾಗಿರಲಿ, ಕ್ಯಾಮೆರಾ ಅಲ್ಲಿಂದ ಹಿಂದೆ ಸರಿಯುತ್ತದೆ.

ಲೆನ್ಸಿನ ವಿಚಾರದಲ್ಲಿ ನಿರ್ದೇಶಕ ಸಿಡ್ನಿ ಲೂಮೆಟ್, ಬಹುಪಾಲು ಒಂದೇ ಕೋಣೆಯಲ್ಲಿ ನಡೆಯುವ 1957ರ 'ಟ್ವೆಲ್ವ್ ಆಂಗ್ರಿ ಮೆನ್'ನಲ್ಲಿ ಮಾಡಿದ್ದನ್ನು ಮೀರಿಸಿದ ಪಾಠ ಇಲ್ಲ: ಮೊದಲ ಭಾಗ ಕಣ್ಣಿನ ಮಟ್ಟಕ್ಕಿಂತ ಮೇಲಿನಿಂದ, ಆಮೇಲೆ ಕಣ್ಣಿನ ಮಟ್ಟ, ಕೊನೆಗೆ ಅದಕ್ಕಿಂತ ಕೆಳಗಿನಿಂದ, ಜೊತೆಗೆ ಲೆನ್ಸಿನ ಫೋಕಲ್ ಲೆಂತ್ ಹೆಚ್ಚುತ್ತಾ ಹೋಗಿ ಹಿಂದಿನ ಗೋಡೆ ಹತ್ತಿರ ಬರುತ್ತದೆ. ನೀವು 28ರಲ್ಲಿ ಶುರುಮಾಡಿ 50, ಕೊನೆಗೆ 85 ಮಿಲಿಮೀಟರ್ ಇಟ್ಟುಕೊಳ್ಳಿ. ಕೆಳಗಿನಿಂದ ನೋಡುವುದು ಕೊನೆಯ ಭಾಗದಲ್ಲಿ ಮಾತ್ರ, ಆದ್ದರಿಂದ ಚಾವಣಿ ಆಗ ಮಾತ್ರ ಬೇಕು. ಎಂಟಡಿ ಚೌಕದ ಚೌಕಟ್ಟಿಗೆ ಬಿಳಿ ಬಟ್ಟೆ ಎಳೆದು ಕಟ್ಟಿದರೆ ಆಯಿತು. ಟ್ಯೂಬ್‌ಲೈಟ್ ಕಾಣುವ ಶಾಟುಗಳಲ್ಲಿ ಶಟರ್ 1/50 ಸೆಕೆಂಡ್ ಇರಲಿ, ನಮ್ಮ ಕರೆಂಟು 50 ಹರ್ಟ್ಸ್. 1/60 ಇಟ್ಟರೆ ಚಿತ್ರದಲ್ಲಿ ಪಟ್ಟೆ ಓಡುತ್ತದೆ.

ಎಂಟು ದಿನ ಸಾಲದು. ಚಿತ್ರಕಥೆಯ ಪುಟಕ್ಕೆ ಒಂದು ನಿಮಿಷದಂತೆ ತೊಂಬತ್ತು ಪುಟ ಹಿಡಿದರೆ ದಿನಕ್ಕೆ ಹನ್ನೊಂದು ಪುಟ ಬೀಳುತ್ತದೆ. ಐವರು ಒಂದೇ ಕಡೆ ಕೂತರೆ ಒಬ್ಬೊಬ್ಬರಿಗೆ ಎರಡು ಅಳತೆಯ ಶಾಟ್ ಹಿಡಿದರೂ ದೃಶ್ಯಕ್ಕೆ ಹತ್ತು ಸೆಟಪ್, ಅಂದರೆ ಹತ್ತು ಸಲ ಕ್ಯಾಮೆರಾ, ದೀಪ ಹೊಂದಿಸಬೇಕು. ದಿನಕ್ಕೆ ಆರು ಪುಟ, ಹದಿನೈದು ದಿನ ಹಿಡಿಯಿರಿ. ಒಂದೇ ಕೋಣೆಯಿಂದ ಉಳಿಯುವುದು ಜಾಗದಿಂದ ಜಾಗಕ್ಕೆ ಓಡಾಡುವ ಸಮಯ ಮಾತ್ರ. ಇದಕ್ಕೆ ಬದಲಾಗಿ ಸಿಗುವ ವರ ಎಂದರೆ ಕತೆಯ ಕ್ರಮದಲ್ಲೇ ಚಿತ್ರೀಕರಿಸಬಹುದು: ಗಡ್ಡ ತಾನಾಗಿ ಬೆಳೆಯುತ್ತದೆ, ಅಂಗಿ ತಾನಾಗಿ ಕೊಳೆಯಾಗುತ್ತದೆ. 1997ರ ಕೆನಡಾ ಚಿತ್ರ 'ಕ್ಯೂಬ್'ಗೆ ಈ ಭಾಗ್ಯ ಇರಲಿಲ್ಲ. 14 ಅಡಿಯ ಒಂದೇ ಪೆಟ್ಟಿಗೆ ಕಟ್ಟಿ, ಬಣ್ಣದ ಫಲಕ ಬದಲಿಸಿ ಹಲವು ಕೋಣೆ ಮಾಡಿದರು. ಫಲಕ ಬದಲಿಸಲು ಹೊತ್ತು ಹಿಡಿಯುತ್ತಿದ್ದರಿಂದ ಒಂದೊಂದು ಬಣ್ಣದ ದೃಶ್ಯಗಳನ್ನು ಒಟ್ಟಿಗೆ ಮುಗಿಸಬೇಕಾಯಿತು. ನಿಮ್ಮದು ಒಂದೇ ಬಣ್ಣ. ಭಾಗಗಳನ್ನು ಕ್ರಮವಾಗಿ ಹಿಡಿಯಿರಿ, ಒಂದು ಭಾಗದೊಳಗೆ ಮಾತ್ರ ಒಂದು ಗೋಡೆಯ ಕಡೆಯ ಶಾಟುಗಳನ್ನೆಲ್ಲ ಮುಗಿಸಿ ಇನ್ನೊಂದಕ್ಕೆ ತಿರುಗಿ. ದಿನಾ ಕೊನೆಗೆ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಒಂದು ನಿಮಿಷ ಖಾಲಿ ಕೋಣೆಯ ಸದ್ದನ್ನು ಹಿಡಿದಿಡಿ. ಅದಿಲ್ಲದಿದ್ದರೆ ಎಡಿಟಿಂಗಿನಲ್ಲಿ ಪ್ರತಿ ಕಟ್ಟೂ ಕೇಳಿಸುತ್ತದೆ.

ಕತೆಯಲ್ಲಿ ಇನ್ನೂ ಒಂದು ತೂತು ಉಳಿದಿದೆ. ಇಂಥ ಕೋಲ್ಡ್ ರೂಮಿನ ಬಾಗಿಲಿಗೆ ಒಳಗಿನಿಂದ ತಳ್ಳಿ ತೆರೆಯುವ ಗುಂಡಿ ಇರುತ್ತದೆ, ಯಾರೂ ಸಿಕ್ಕಿಬೀಳದಿರಲಿ ಎಂದೇ ಇಡುವುದು. ಗೊತ್ತಿರುವ ಪ್ರೇಕ್ಷಕ ಮೊದಲ ಹತ್ತು ನಿಮಿಷದಲ್ಲೇ ಅದನ್ನು ಕೇಳುತ್ತಾನೆ. ಆದ್ದರಿಂದ ಅಷ್ಟರೊಳಗೇ ಅಟೆಂಡರ್ ಆ ಗುಂಡಿ ಒತ್ತಲಿ, ಅದು ಸಡಿಲವಾಗಿ ತಿರುಗಲಿ, ಒಳಗಿನ ಪಿನ್ನು ಇಲ್ಲ ಎಂದು ಗೊತ್ತಾಗಲಿ. ಬೆಳಿಗ್ಗೆ ಕಸ ಹೊಡೆಯುವಾಗ ಪಿನ್ನು ಇತ್ತು ಎಂದು ಅವನು ಹೇಳಲಿ. ಐವರಲ್ಲಿ ಅದು ಯಾರ ಜೇಬಿನಲ್ಲಿದೆ ಎಂಬುದನ್ನು ತೀರ್ಮಾನಿಸಿ ಮುಂದಿನ ಕರಡು ಕಳಿಸಿ.

— ಸಂ.